ಕೈ ಜಾರಿದ ಕ್ಯಾಚ್, ಬಾಯಿ ಜಾರಿದ ಮಾತು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್ ಹೊರಡುವವರು ನಾವು ಐದು ಜನ. ಐವರೂ ನಿವೃತ್ತರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೆ ಮಂಡಿ ನೋವು, ಎಲ್ಲರಿಗೂ ಕ್ರಿಕೆಟ್ ಹುಚ್ಚು. ಜಾವಗಲ್ ಶ್ರೀನಾಥ್ ಅವರ ಊರಲ್ಲವೇ ಇದು? ಬ್ಯಾಟು ಮುಟ್ಟದವರೂ ಇಲ್ಲಿ ಆಯ್ಕೆ ಸಮಿತಿಯ ಸದಸ್ಯರೇ. ಕೆರೆಯ ಒಂದು ಸುತ್ತು ಮುಗಿಯುವುದರೊಳಗೆ ನಾವು ಇಬ್ಬರನ್ನು ತಂಡದಿಂದ ತೆಗೆದು, ಮೂವರನ್ನು ಸೇರಿಸಿ, ನಾಯಕನಿಗೆ ಎರಡು ಬುದ್ಧಿಮಾತನ್ನೂ ಹೇಳಿ ಬೆಂಚಿನ ಮೇಲೆ ಕೂತಿರುತ್ತೇವೆ.

2024ರ ಆಗಸ್ಟ್‌ನಲ್ಲಿ ನಮ್ಮ ಬಾಯಿಗೆ ಸಿಕ್ಕಿದ್ದು ಹದಿನೆಂಟು ವರ್ಷದ ಒಬ್ಬ ಹುಡುಗ.

ಆಗ ಮಹಾರಾಜ ಟ್ರೋಫಿ ಟಿ20 ನಡೆಯುತ್ತಿತ್ತು. ಪಂದ್ಯಗಳು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ನಮಗೆ ಟಿ.ವಿ.ಯೇ ಗತಿ. ನಮ್ಮೂರಿನ ಹೆಸರು ಹೊತ್ತ ಮೈಸೂರು ವಾರಿಯರ್ಸ್ ತಂಡ ಹರಾಜಿನಲ್ಲಿ 50 ಸಾವಿರ ರೂಪಾಯಿಗೆ ಈ ಹುಡುಗನನ್ನು ತೆಗೆದುಕೊಂಡಿತ್ತು. ಹೆಸರು ಸಮಿತ್. ಆದರೆ ಆ ಹೆಸರಿನಿಂದ ಅವನನ್ನು ಕರೆದವರು ಕಡಿಮೆ. ಎಲ್ಲರಿಗೂ ಅವನು ‘ದ್ರಾವಿಡ್ ಮಗ’. ರಾಹುಲ್ ದ್ರಾವಿಡ್ ಎಂಬ ಗೋಡೆಯ ನೆರಳು ಅಷ್ಟು ದೊಡ್ಡದು.

ಹುಡುಗನಿಗೆ ರನ್ ಬರಲಿಲ್ಲ. 7 ಇನಿಂಗ್ಸ್‌ಗಳಲ್ಲಿ ಒಟ್ಟು 82 ರನ್. ಅತಿ ಹೆಚ್ಚು ಎಂದರೆ 33. ಇದರ ನಡುವೆಯೇ ಆಗಸ್ಟ್ ಕೊನೆಯ ದಿನ ಆಸ್ಟ್ರೇಲಿಯಾ ವಿರುದ್ಧದ ಸರಣಿಗೆ 19 ವರ್ಷದೊಳಗಿನವರ ಭಾರತ ತಂಡ ಪ್ರಕಟವಾಯಿತು. ಅದರಲ್ಲಿ ಅವನ ಹೆಸರಿತ್ತು! ಕೆರೆ ಏರಿಯ ಮೇಲೆ ಅಂದು ಬಿಸಿಬಿಸಿ ಚರ್ಚೆ. ಒಬ್ಬರು, “ಹುಡುಗನಿಗೆ ಸಮಯ ಕೊಡಿ ಸ್ವಾಮಿ” ಎಂದರು. ಇನ್ನೊಬ್ಬರು, “ನಮ್ಮ ಬೀದಿ ಹುಡುಗ 82 ಹೊಡೆದಿದ್ರೆ ಸಮಯ ಕೊಡ್ತಿದ್ರಾ?” ಎಂದರು. ನಾನು ಎರಡನೆಯವರ ಪಕ್ಷ. ಸಂಜೆ ಮನೆಯಲ್ಲಿ ಟಿ.ವಿ. ಮುಂದೆ ಕೂತಾಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಇವನಿಗೆ ಆಟಾನೇ ಬರಲ್ಲ. ಅಪ್ಪನ ಹೆಸರು ಇಲ್ದೇ ಇದ್ದಿದ್ರೆ ಯಾರು ಕರೀತಿದ್ರು? ಮನೆಗೆ ಹೋಗಿ ಓದ್ಕೊಳ್ಳೋದು ವಾಸಿ.”

ಪಕ್ಕದಲ್ಲಿ ಮೊಮ್ಮಗ ಕೂತಿದ್ದ. ಆಗ ಎಂಟನೇ ತರಗತಿ. ಅವನು ಟಿ.ವಿ.ಯಿಂದ ಕಣ್ಣು ತೆಗೆಯದೆ ಕೇಳಿದ:

“ತಾತ, ನಾನು ಕ್ಯಾಚ್ ಬಿಟ್ಟಾಗ್ಲೂ ಜನ ಹೀಗೇ ಮಾತಾಡಿದ್ರಾ?”

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ಮೂರು ವಾರದ ಹಿಂದೆ ಅವನ ಶಾಲೆಯ ತಂಡ ಒಂದು ಪಂದ್ಯ ಸೋತಿತ್ತು. ಬೌಂಡರಿ ಗೆರೆಯ ಹತ್ತಿರ ಒಬ್ಬನೇ ನಿಂತಿದ್ದ ಇವನ ತಲೆಯ ಮೇಲೆ ಚೆಂಡು ಎತ್ತರಕ್ಕೆ ಬಂದಿತ್ತು. ಕೈಗೆ ಬಂದದ್ದು ಜಾರಿತು. ಅಲ್ಲಿ ನೋಡುತ್ತಿದ್ದ ದೊಡ್ಡವರೇ ಯಾರೋ, “ಇವನನ್ನ ಯಾಕೆ ಹಾಕ್ಕೊಂಡ್ರು?” ಎಂದಿದ್ದರಂತೆ. ಆಮೇಲೆ ಅವನು ಅಭ್ಯಾಸಕ್ಕೆ ಹೋಗಿರಲಿಲ್ಲ. “ಕಾಲು ನೋವು” ಎನ್ನುತ್ತಿದ್ದ. ಅವನ ಅಜ್ಜಿ ದಿನಾ ರಾತ್ರಿ ಎಣ್ಣೆ ಬಿಸಿ ಮಾಡಿ ಕಾಲು ತಿಕ್ಕುತ್ತಿದ್ದಳು. ನೋವು ಕಾಲಿನಲ್ಲಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಆ ಸಂಜೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಈಗ ಏನು ಹೇಳಲಿ?

ಕಾಪಾಡಿದವಳು ಆರನೇ ತರಗತಿಯ ಮೊಮ್ಮಗಳು. ಅವಳಿಗೆ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವ ಅಭ್ಯಾಸ. ಒಂದು ಹಾಳೆಯ ನಡುವೆ ಗೆರೆ ಎಳೆದಳು. ಎಡಗಡೆ ‘ನಮಗೆ ಗೊತ್ತಿರೋದು’, ಬಲಗಡೆ ‘ತಾತ ಸುಮ್ನೆ ಹೇಳಿದ್ದು’ ಎಂದು ಬರೆದಳು. “ಈಗ ಹೇಳಿ ತಾತ” ಎಂದಳು.

‘7 ಇನಿಂಗ್ಸ್, 82 ರನ್’ ಎಡಗಡೆಗೆ ಹೋಯಿತು. ‘ಆಟ ಬರಲ್ಲ’ ಎಂಬುದು ಬಲಗಡೆಗೆ ಹೋಯಿತು. ‘ಅಪ್ಪನ ಹೆಸರಿನಿಂದಲೇ ಬಂದ’ ಎಂಬುದನ್ನು ಎಲ್ಲಿ ಬರೆಯುವುದೆಂದು ತಿಳಿಯದೆ ಅವಳು ಪೆನ್ಸಿಲ್ ಕಚ್ಚಿದಳು. “ಬೇರೆ ಎಲ್ಲಾದ್ರೂ ಚೆನ್ನಾಗಿ ಆಡಿದ್ದಾನಾ ಅಂತ ನೋಡೋಣ” ಎಂದ ಮೊಮ್ಮಗ. ಹುಡುಕಿದೆವು. ಸಿಕ್ಕಿತು.

ಅದೇ ವರ್ಷದ ಜನವರಿಯಲ್ಲಿ ಕರ್ನಾಟಕದ ಹುಡುಗರು ಮೊದಲ ಬಾರಿಗೆ ಕೂಚ್ ಬೆಹಾರ್ ಟ್ರೋಫಿ ಗೆದ್ದಿದ್ದರು. ಇದು 19 ವರ್ಷದೊಳಗಿನವರ ದೊಡ್ಡ ಟೂರ್ನಿ. ಶಿವಮೊಗ್ಗದಲ್ಲಿ ಮುಂಬೈ ವಿರುದ್ಧ ನಡೆದ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಗಳಿಸಿದ್ದು ಎಲ್ಲರಿಗೂ ನೆನಪಿದೆ. ಆ ಟೂರ್ನಿಯ 8 ಪಂದ್ಯಗಳಲ್ಲಿ ಸಮಿತ್ 362 ರನ್ ಗಳಿಸಿದ್ದ. 16 ವಿಕೆಟ್ ಕೂಡ ತೆಗೆದಿದ್ದ. ನಾವು ಅವನ ಬೌಲಿಂಗ್ ಬಗ್ಗೆ ಯೋಚಿಸಿಯೇ ಇರಲಿಲ್ಲ. ಟಿ20 ಎಂದರೆ ಇಪ್ಪತ್ತು ಓವರ್‌ಗಳ ಅವಸರದ ಆಟ. ಕೂಚ್ ಬೆಹಾರ್ ದಿನಗಟ್ಟಲೆ ನಡೆಯುವ ತಾಳ್ಮೆಯ ಆಟ. ನಾವು ಅವಸರದ ಆಟ ನೋಡಿ, ಅಷ್ಟೇ ಅವಸರದಲ್ಲಿ ತೀರ್ಪು ಕೊಟ್ಟಿದ್ದೆವು.

“ಆದ್ರೂ ತಾತ,” ಎಂದಳು ಮೊಮ್ಮಗಳು, “ಇಷ್ಟೇ ಚೆನ್ನಾಗಿ ಆಡಿ, ದೊಡ್ಡ ಹೆಸರಿಲ್ಲದ ಹುಡುಗ ಇದ್ರೆ? ಅವನಿಗೆ ಅನ್ಯಾಯ ಆಗಲ್ವಾ?”

ಮಕ್ಕಳೇ, ಇದು ಒಳ್ಳೆಯ ಪ್ರಶ್ನೆ. ಇದನ್ನು ಕೇಳಲೇಬೇಕು. ಆದರೆ ಕೇಳಬೇಕಾದದ್ದು ತಂಡ ಆರಿಸುವವರನ್ನು. ಬ್ಯಾಟು ಹಿಡಿದು ಒಬ್ಬನೇ ನಡೆದು ಬರುವ ಹುಡುಗನನ್ನಲ್ಲ. ಯಾರ ಮಗನಾಗಿ ಹುಟ್ಟಬೇಕು ಎಂದು ಅವನೇನು ಅರ್ಜಿ ಹಾಕಿದ್ದನೇ? ದೊಡ್ಡ ಹೆಸರು ಬಾಗಿಲು ತೆರೆಯಬಹುದು, ನಿಜ. ಆದರೆ ಬೇರೆಯವರು ಸೊನ್ನೆಗೆ ಔಟಾದರೆ ಪೇಪರಿನಲ್ಲಿ ಒಂದು ಸಾಲೂ ಬರುವುದಿಲ್ಲ. ಇವನು ಔಟಾದರೆ ಊರೆಲ್ಲ ಸುದ್ದಿ. ಆ ಹುಡುಗ ಮುಂದೆ ಮೊಣಕಾಲಿನ ತೊಂದರೆಯಿಂದ ಆಸ್ಟ್ರೇಲಿಯಾ ವಿರುದ್ಧ ಆಡಲೂ ಆಗಲಿಲ್ಲ. ನಮ್ಮ ಅಷ್ಟೆಲ್ಲ ಜಗಳ ಅವನು ಆಡದ ಆಟದ ಬಗ್ಗೆ!

ಆ ರಾತ್ರಿ ಪುಸ್ತಕದಲ್ಲಿ ಇನ್ನೂ ಎರಡು ಹಾಳೆ ತುಂಬಿದವು.

ಒಂದು, ಅಪ್ಪನ ಹಾಳೆ. ಇಂದು ರಾಹುಲ್ ದ್ರಾವಿಡ್ ಎಂದರೆ ಕೈ ಮುಗಿಯುವ ನಾವೇ ಹಿಂದೆ ಏನೆನ್ನುತ್ತಿದ್ದೆವು? 1996ರಲ್ಲಿ ಸಿಂಗಪುರದಲ್ಲಿ ಆಡಿದ ಮೊದಲ ಏಕದಿನ ಪಂದ್ಯದಲ್ಲಿ ಅವರು ಗಳಿಸಿದ್ದು 3 ರನ್. “ಟೆಸ್ಟ್‌ಗೆ ಸರಿ, ಒನ್‌ಡೇಗೆ ಬೇಡ, ತುಂಬಾ ನಿಧಾನ” ಎಂಬ ಮಾತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದಿನವೂ ಕೇಳುತ್ತಿತ್ತು. 1998ರಲ್ಲಿ ಅವರನ್ನು ಏಕದಿನ ತಂಡದಿಂದ ಕೈಬಿಟ್ಟದ್ದೂ ಉಂಟು. ಮರುವರ್ಷ ಇಂಗ್ಲೆಂಡಿನಲ್ಲಿ ವಿಶ್ವಕಪ್. ಇಡೀ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಯಾರದ್ದು? 461 ರನ್ ಗಳಿಸಿದ ಅದೇ ದ್ರಾವಿಡ್ ಅವರದ್ದು. ಒನ್‌ಡೇಗೆ ಬೇಡ ಎನಿಸಿಕೊಂಡವರು ಕೊನೆಗೆ ಏಕದಿನ ಪಂದ್ಯಗಳಲ್ಲೇ 10,889 ರನ್ ಗಳಿಸಿದರು.

ತಂಡದಿಂದ ಕೈಬಿಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಡಾನ್ ಬ್ರಾಡ್‌ಮನ್ 1928ರಲ್ಲಿ ಬ್ರಿಸ್ಬೇನ್‌ನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ಗಳಿಸಿದ್ದು 18 ಮತ್ತು 1. ಮುಂದಿನ ಪಂದ್ಯಕ್ಕೆ ಹನ್ನೆರಡನೇ ಆಟಗಾರನಾಗಿ ಹೊರಗೆ ಕೂರಿಸಿದರು. ಮೂರನೆಯದಕ್ಕೆ ವಾಪಸ್ ಕರೆದರು. 79 ಮತ್ತು 112 ರನ್ ಬಂದವು. ಹೊರಗೆ ಕೂರಿಸುವುದು ಬೇರೆ, ‘ಇವನು ಯಾವ ಕಾಲಕ್ಕೂ ಆಗುವವನಲ್ಲ’ ಎನ್ನುವುದು ಬೇರೆ.

ಇನ್ನೊಂದು ಹಾಳೆ ಸಮಿತ್ ಆಡುತ್ತಿದ್ದ ಅದೇ ಮೈಸೂರು ತಂಡದ ನಾಯಕರದ್ದು. ಕರುಣ್ ನಾಯರ್.

2016ರಲ್ಲಿ ಕರುಣ್ ಭಾರತ ಟೆಸ್ಟ್ ತಂಡಕ್ಕೆ ಬಂದಾಗ 25ರ ಹತ್ತಿರದ ತರುಣ. ಇಂಗ್ಲೆಂಡ್ ವಿರುದ್ಧ ಮೊದಲ ಎರಡು ಟೆಸ್ಟ್‌ಗಳಲ್ಲಿ ಗಳಿಸಿದ್ದು 4 ಮತ್ತು 13. ಮೂರನೆಯದು ಚೆನ್ನೈನಲ್ಲಿ. ಡಿಸೆಂಬರ್ 19ರಂದು ಅವರು ಔಟಾಗದೆ 303 ರನ್ ಗಳಿಸಿದರು. ಟೆಸ್ಟ್‌ನ ತನ್ನ ಮೊದಲ ಶತಕವನ್ನೇ ತ್ರಿಶತಕ ಮಾಡಿದವರು ಅದಕ್ಕೆ ಮುಂಚೆ ಜಗತ್ತಿನಲ್ಲಿ ಇಬ್ಬರೇ: ವೆಸ್ಟ್ ಇಂಡೀಸಿನ ಗ್ಯಾರಿ ಸೋಬರ್ಸ್ ಮತ್ತು ಆಸ್ಟ್ರೇಲಿಯಾದ ಬಾಬ್ ಸಿಂಪ್ಸನ್. ಅಂದು ನಾವು ಕೆರೆ ಏರಿಯ ಮೇಲೆ ಮೈಸೂರು ಪಾಕ್ ಹಂಚಿದ್ದೆವು.

ಆಮೇಲೆ? ಮುಂದಿನ ಟೆಸ್ಟ್‌ನಲ್ಲೇ ಜಾಗ ಸಿಗಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್ ಸಿಕ್ಕವು. 26, 0, 23, 5. ಅಷ್ಟೇ. 2018ರಲ್ಲಿ ಇಂಗ್ಲೆಂಡಿಗೆ ಹೋದರೂ ಒಂದು ಟೆಸ್ಟ್‌ನಲ್ಲೂ ಆಡಿಸಲಿಲ್ಲ. 2022ರ ಹೊತ್ತಿಗೆ ಕರ್ನಾಟಕದ ರಣಜಿ ತಂಡದಲ್ಲೂ ಜಾಗವಿಲ್ಲ. ಆ ಡಿಸೆಂಬರ್‌ನಲ್ಲಿ ಅವರು ಕ್ರಿಕೆಟ್ ಆಟವನ್ನೇ ಉದ್ದೇಶಿಸಿ, ನನಗೆ ಇನ್ನೊಂದು ಅವಕಾಶ ಕೊಡು ಎಂದು ಟ್ವಿಟರ್‌ನಲ್ಲಿ ಬೇಡಿಕೊಂಡರು. ಮೈಸೂರು ಪಾಕ್ ಹಂಚಿದ ನಾವೇ, “ಅದೊಂದು ಇನಿಂಗ್ಸ್ ಅದೃಷ್ಟ” ಎಂದು ಮುಗಿಸಿಬಿಟ್ಟಿದ್ದೆವು.

ಅವರು ಮುಗಿಸಲಿಲ್ಲ. ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ಷೈರ್ ಕೌಂಟಿಗೆ ಆಡಿದರು. ರಣಜಿಗೆ ವಿದರ್ಭ ಸೇರಿದರು. 2024ರ ಸೆಪ್ಟೆಂಬರ್ 1ರಂದು ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಸೋಲಿಸಿ ನಮ್ಮ ಮೈಸೂರಿಗೆ ಮಹಾರಾಜ ಟ್ರೋಫಿ ಗೆದ್ದುಕೊಟ್ಟರು. ವಾರವೆಲ್ಲ ಬಾಯಿಗೆ ಬಂದಂತೆ ಮಾತಾಡಿದ್ದ ನಾನು ಆ ರಾತ್ರಿ ಚಪ್ಪಾಳೆ ತಟ್ಟಿದೆ, ಕೊಂಚ ನಾಚಿಕೆಯಿಂದಲೇ.

ಅದರ ಮುಂದಿನದು ಪುಸ್ತಕದಲ್ಲಿ ಆಮೇಲೆ ಸೇರಿತು. ವಿಜಯ್ ಹಜಾರೆ ಟ್ರೋಫಿಯಲ್ಲಿ ಅವರು ಐದು ಶತಕಗಳೊಂದಿಗೆ 779 ರನ್ ಗಳಿಸಿದರು. ತಮಾಷೆ ನೋಡಿ, ಆ ಫೈನಲ್‌ನಲ್ಲಿ ವಿದರ್ಭವನ್ನು ಸೋಲಿಸಿದ್ದು ನಮ್ಮ ಕರ್ನಾಟಕ! 2025ರ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ಗಳಿಸಿ ವಿದರ್ಭಕ್ಕೆ ಟ್ರೋಫಿ ತಂದುಕೊಟ್ಟರು. ಜೂನ್‌ನಲ್ಲಿ, ಎಂಟು ವರ್ಷಗಳ ಬಳಿಕ, ಮತ್ತೆ ಭಾರತದ ಟೆಸ್ಟ್ ಟೋಪಿ ಧರಿಸಿದರು.

ಇದು ಕಥೆಯಾಗಿದ್ದರೆ ನಾನು ಇಲ್ಲಿ ‘ಅವರು ಶತಕ ಬಾರಿಸಿದರು’ ಎಂದು ಬರೆಯುತ್ತಿದ್ದೆ. ಆದರೆ ನಡೆದದ್ದು ಬೇರೆ. ಲೀಡ್ಸ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲೇ ಸೊನ್ನೆ. ಇಡೀ ಸರಣಿಯ 8 ಇನಿಂಗ್ಸ್‌ಗಳಲ್ಲಿ 205 ರನ್. ಓವಲ್‌ನಲ್ಲಿ ಒಂದು ಅರ್ಧಶತಕ, 57. ಮುಂದಿನ ಸರಣಿಗೆ ಮತ್ತೆ ಹೊರಗೆ. ಅವರು ಕರ್ನಾಟಕ ತಂಡಕ್ಕೆ ಮರಳಿ ಬಂದು ಆಟ ಮುಂದುವರಿಸಿದರು.

“ಹಾಗಾದ್ರೆ ಅವರು ಗೆದ್ರಾ, ಸೋತ್ರಾ ತಾತ?” ಎಂದು ಮೊಮ್ಮಗಳು ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಅವಳ ಅಣ್ಣ ಹೇಳಿದ: “ಮತ್ತೆ ಹೋಗಿ ನಿಂತ್ಕೊಂಡ್ರಲ್ಲ, ಅದನ್ನ ಬರ್ಕೋ.” ಅವಳು ಎಡಗಡೆ ಬರೆದಳು.

ಇವನು ಮರಳಿ ಹೋಗಿ ನಿಂತದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಟಿ.ವಿ. ಸಂಜೆಯ ಮರುದಿನ ನಾನು ಅವನಿಗೆ, “ನಾನು ಹಾಗೆ ಮಾತಾಡಬಾರದಿತ್ತು ಕಣೋ ಮರಿ” ಎಂದೆ. ಅವನು ಏನೂ ಹೇಳಲಿಲ್ಲ. ಟೆನಿಸ್ ಬಾಲ್ ತಂದು ನನ್ನ ಕೈಗಿಟ್ಟ. ಮನೆ ಹತ್ತಿರದ ಖಾಲಿ ಮೈದಾನದಲ್ಲಿ ನನ್ನ ಕೈಲಾದಷ್ಟು ಎತ್ತರಕ್ಕೆ ಎಸೆದೆ. ಮೊದಲ ದಿನ ಹತ್ತರಲ್ಲಿ ಮೂರು ಹಿಡಿದ. ನನ್ನ ಭುಜ ಎರಡು ದಿನ ನೋವಾಯಿತು. ಈ ಸಲ ಎಣ್ಣೆ ತಿಕ್ಕಿಸಿಕೊಂಡವನು ನಾನು. ಮುಂದಿನ ವಾರ ಅವನು ಶಾಲೆಯ ಅಭ್ಯಾಸಕ್ಕೆ ಹೋದ. ಆಮೇಲೂ ಕ್ಯಾಚ್ ಬಿಟ್ಟಿದ್ದಾನೆ, ಹಿಡಿದೂ ಇದ್ದಾನೆ. ಕಾಲು ನೋವು ಮಾತ್ರ ಮತ್ತೆ ಬಂದಿಲ್ಲ.

ಕೆರೆ ಏರಿಯ ಮೇಲೆ ನಮ್ಮ ಚರ್ಚೆ ನಿಂತಿಲ್ಲ. ನಿಲ್ಲುವುದೂ ಬೇಡ, ಅಭಿಮಾನಿ ಎಂದ ಮೇಲೆ ಬೇಸರ, ಸಿಟ್ಟು ಎಲ್ಲ ಇದ್ದದ್ದೇ. ಆದರೆ ಐವರೂ ಸೇರಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾವ ಹುಡುಗನ ಬಗ್ಗೆ ಮಾತಾಡಿದರೂ, ಅವನು ನಮ್ಮ ಹಿಂದೆಯೇ ನಡೆದು ಬರುತ್ತಿದ್ದಾನೆ ಅಂದುಕೊಂಡು ಮಾತಾಡಬೇಕು. “ಕವರ್ ಡ್ರೈವ್‌ಗೆ ಕಾಲು ಮುಂದೆ ಬರ್ತಿಲ್ಲ” ಎನ್ನಬಹುದು. “ಆಟಾನೇ ಬರಲ್ಲ” ಎನ್ನುವಂತಿಲ್ಲ. ತಪ್ಪಿದವರು ಅಂದು ಎಲ್ಲರಿಗೂ ಕಾಫಿ ಕೊಡಿಸಬೇಕು.

ಕಳೆದ ತಿಂಗಳು ನಾನು ಎರಡು ಸಲ ಕೊಡಿಸಿದ್ದೇನೆ.