ಹಳೆಯ ಸ್ವಚ್ಛ ವಾಹಿನಿಯ ಗೇರ್ ದೋಷ: ಮಂಜೂರಾತಿಗೆ ಮುನ್ನ ಪರಿಶೀಲನೆ

ಬಹಳ ದೂರ ಓಡಿದ ಕಸ ಸಂಗ್ರಹಣೆ ವಾಹನದಲ್ಲಿ ಗೇರ್ ತೊಂದರೆ ಕಂಡೊಡನೆ, ಗೇರ್‌ಬಾಕ್ಸನ್ನೇ ಬದಲಾಯಿಸುವ ಅಂದಾಜು ಪಟ್ಟಿ ಸಭೆಯ ಮುಂದೆ ಬರುವುದುಂಟು. ಆದರೆ ದೋಷವು ಕಡಿಮೆ ವೆಚ್ಚದಲ್ಲಿ ಸರಿಹೋಗುವ ಕ್ಲಚ್‌ನಲ್ಲಿಯೂ ಇರಬಹುದು. ಆದುದರಿಂದ ಸದಸ್ಯರು ಈ ಕೆಳಕಂಡ ಅಂಶಗಳನ್ನು ಚಾಲಕರಿಂದ ಕೇಳಿ ತಿಳಿಯುವುದು ಸೂಕ್ತ.

1. ಎಂಜಿನ್ ನಿಲ್ಲಿಸಿದಾಗ ಗೇರ್‌ಗಳು ಸಲೀಸಾಗಿ ಬಿದ್ದು, ಚಾಲೂ ಇರುವಾಗ ಮಾತ್ರ ಕರಕರ ಸದ್ದಿನೊಡನೆ ಬಿಗಿಯಾದರೆ, ಕ್ಲಚ್ ಪೂರ್ಣವಾಗಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಮೊದಲು ಕ್ಲಚ್ ಕೇಬಲ್ ಸರಿಪಡಿಸಿ ನೋಡಬೇಕು.

2. ಏರಿನಲ್ಲಿ ಎಂಜಿನ್ ಮೊರೆತ ಹೆಚ್ಚಿದರೂ ವೇಗ ಏರದೆ, ಸುಟ್ಟ ವಾಸನೆ ಬಂದರೆ, ಅದು ಕ್ಲಚ್ ಪ್ಲೇಟ್ ಸವೆದಿರುವ ಲಕ್ಷಣ.

3. ಯಾವುದೋ ಒಂದು ಗೇರ್‌ನಲ್ಲಿ ಮಾತ್ರ ಸದ್ದು ಬಂದರೆ, ಅಥವಾ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ದೋಷವು ಗೇರ್‌ಬಾಕ್ಸ್‌ನೊಳಗಿರುವ ಸಂಭವ ಹೆಚ್ಚು. ಆಯಿಲ್ ಮಟ್ಟ ಹಾಗೂ ಸೋರಿಕೆಯನ್ನು ಪರಿಶೀಲಿಸಬೇಕು. ಹೊರತೆಗೆದ ಆಯಿಲ್‌ನಲ್ಲಿ ಲೋಹದ ಚೂರುಗಳಿದ್ದಲ್ಲಿ ಬಿಚ್ಚಿ ಪರೀಕ್ಷಿಸುವುದು ಅನಿವಾರ್ಯ.

ವಾಹನ ನಿಂತರೆ ಮನೆಮನೆಯ ಕಸ ಸಂಗ್ರಹಣೆಯೂ ನಿಲ್ಲುತ್ತದೆ. ಆದ್ದರಿಂದ ಚಾಲಕರು ತಿಳಿಸುವ ಮೊದಲ ಲಕ್ಷಣವನ್ನೇ ಲಾಗ್ ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಬದಲಿಸಿದ ಹಳೆಯ ಬಿಡಿಭಾಗವನ್ನು ಪಡೆದು ಪರಿಶೀಲಿಸಿದ ನಂತರವೇ ಬಿಲ್ಲಿನ ಪಾವತಿಗೆ ಕ್ರಮ ವಹಿಸುವುದು.