ಲೆನ್ಸ್‌ಗೊಂದು ಕವಚ: ಏಟು ಬೀಳದಿರಲಿ ಅಂತ ತಗೊಂಡೆ, ಬೂಷ್ಟು ಹಿಡೀತು

ಕಳೆದ ಮಳೆಗಾಲ ಮುಗಿದು ಮದುವೆ ಸೀಸನ್ ಶುರುವಾಗುವ ಹೊತ್ತಿಗೆ, ಮೊದಲ ಕೆಲಸದ ಹಿಂದಿನ ರಾತ್ರಿ, ಕಪಾಟಿನಿಂದ ಲೆನ್ಸ್ ತೆಗೆದೆ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ಇಣುಕಿದರೆ, ಗಾಜಿನ ಅಂಚಿಂದ ಜೇಡರ ಬಲೆ ಥರ ಬಿಳಿ ಎಳೆಗಳು ಹರಡಿಕೊಂಡಿದ್ದವು. ಪಕ್ಕದಲ್ಲಿದ್ದ ಅಮ್ಮನೂ ಬಗ್ಗಿ ನೋಡಿದಳು. 'ಉಪ್ಪಿನಕಾಯಿಗೆ ಹಿಡಿಯೋ ಬೂಷ್ಟು ಗಾಜಿಗೂ ಹಿಡಿಯುತ್ತೇನೋ?' ಅಂದಳು.

ಹಿಡಿಯುತ್ತೆ. ಆ ಲೆನ್ಸ್ ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಅರವತ್ತು ಸಾವಿರ ಚಿಲ್ಲರೆ ಕೊಟ್ಟು ತಗೊಂಡಿದ್ದು. ಅದರಲ್ಲಿ ಅರ್ಧ ದುಡ್ಡು ಅಮ್ಮ ಗಾರ್ಮೆಂಟ್ಸ್ ಸಂಬಳದಲ್ಲಿ ಕಟ್ಟುತ್ತಿದ್ದ ಚೀಟಿ ಎತ್ತಿ ಕೊಟ್ಟದ್ದು. ಲೆನ್ಸ್ ಬಿದ್ದಿರಲಿಲ್ಲ, ಎಲ್ಲೂ ತಾಗಿರಲಿಲ್ಲ, ಹೊರಗೆ ಒಂದು ಗೀರೂ ಇರಲಿಲ್ಲ. ಯಾಕಂದ್ರೆ ಅದು ಮಳೆಗಾಲವಿಡೀ ದಪ್ಪ ಸ್ಪಂಜಿನ, ಗಟ್ಟಿ ಜಿಪ್ಪಿನ ಒಳ್ಳೇ ಪೌಚ್ ಒಳಗೇ ಇತ್ತು. ಕಾಪಾಡಲಿ ಅಂತ ತಗೊಂಡ ಪೌಚೇ ಅದನ್ನು ಹಾಳು ಮಾಡಿತ್ತು.

ಈ ಲೇಖನ ಬರೆಯೋಕೆ ಅದೇ ಕಾರಣ. ನಿಮ್ಮಲ್ಲಿ ಅನೇಕರು ಇವತ್ತು ಕ್ಯಾಮೆರಾ ಹಿಡಿದು ಓಡಾಡುವವರು. ಪ್ರತಿಭಟನೆ ಚಿತ್ರೀಕರಿಸುತ್ತೀರಿ, ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುತ್ತೀರಿ, ವಾರಾಂತ್ಯದಲ್ಲಿ ಮದುವೆ ಶೂಟ್ ಮಾಡಿ ವಾರದ ದಿನಗಳ ಖರ್ಚು ತೂಗಿಸುತ್ತೀರಿ. ಲೆನ್ಸ್ ಕೇಸ್ ಆರಿಸುವುದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಗಳು ಬಹುಪಾಲು ಕಾರಿನ ಡಿಕ್ಕಿಯಲ್ಲಿ ಸಾಮಾನು ಇಟ್ಟುಕೊಂಡು ಹೋಗುವವರಿಗೆ ಬರೆದಂಥವು. ನಾನಿರೋದು ಸುಂಕದಕಟ್ಟೆಯಲ್ಲಿ. ಓಡಾಡೋದು ಮಾಗಡಿ ರೋಡಿನ ಬಸ್ಸಲ್ಲಿ, ಇಲ್ಲಾಂದ್ರೆ ಗೆಳೆಯನ ಸ್ಕೂಟರ್ ಹಿಂದೆ. ನಮ್ಮ ಲೆಕ್ಕವೇ ಬೇರೆ.

ಮೊದಲು ಕೇಳಬೇಕಾದ ಪ್ರಶ್ನೆ: ಯಾವುದರಿಂದ ರಕ್ಷಣೆ?

ಅಂಗಡಿಗೆ ಹೋದಾಗ ನಾವು 'ಅಣ್ಣ, ಒಳ್ಳೇ ಕೇಸ್ ಕೊಡಿ' ಅಂತೀವಿ. ಎಲ್ಲದಕ್ಕೂ ಒಳ್ಳೇದಾದ ಕೇಸ್ ಅಂತ ಒಂದಿಲ್ಲ. ಲೆನ್ಸಿಗೆ ಶತ್ರುಗಳು ನಾಲ್ಕು: ಬೀಳುವುದು, ಅಮುಕುವುದು, ನೀರು ಮತ್ತು ದೂಳು, ತೇವ. ಒಂದನ್ನು ಚೆನ್ನಾಗಿ ತಡೆಯುವ ಕೇಸ್ ಇನ್ನೊಂದನ್ನು ಸಾಕಿಕೊಂಡಿರಬಹುದು. ನನ್ನ ವಿಷಯದಲ್ಲಿ ಆಗಿದ್ದು ಅದೇ.

ಮೊದಲು ಬೀಳುವುದನ್ನು ನೋಡೋಣ. ಸೊಂಟದ ಎತ್ತರದಿಂದ, ಅಂದರೆ ಸುಮಾರು 1 ಮೀಟರ್‌ನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿರುತ್ತೆ. ಆ ವೇಗ ಎಷ್ಟು ದೂರದೊಳಗೆ ಸೊನ್ನೆಗೆ ಬರುತ್ತೆ ಅನ್ನೋದೇ ಏಟಿನ ಅಳತೆ. ಕಾಂಕ್ರೀಟಿನ ಮೇಲೆ 1 ಮಿಲಿಮೀಟರ್‌ನಲ್ಲಿ ನಿಂತರೆ, ಲೆನ್ಸಿನ ಮೇಲೆ ಸರಾಸರಿ ಅದರ ತೂಕದ ಸಾವಿರ ಪಟ್ಟು ಬಲ ಬೀಳುತ್ತೆ. ನಡುವೆ ಸ್ಪಂಜಿದ್ದು 1 ಸೆಂಟಿಮೀಟರ್ ಅಮುಕಿಕೊಂಡು ನಿಂತರೆ ಅದು ನೂರು ಪಟ್ಟಿಗೆ ಇಳಿಯುತ್ತೆ. ಸ್ಪಂಜಿನ ಕೆಲಸ ಇಷ್ಟೇ: ನಿಲ್ಲುವ ದೂರವನ್ನು ಹಿಗ್ಗಿಸುವುದು.

ಆದ್ದರಿಂದ ಸ್ಪಂಜು ಮೆತ್ತಗಿದ್ದರೆ ಸಾಲದು. ತೀರಾ ಮೆತ್ತಗಿದ್ದರೆ ಲೆನ್ಸ್ ಅದನ್ನು ಪೂರ್ತಿ ಅಮುಕಿ ತಳ ಮುಟ್ಟುತ್ತೆ, ಆಗ ಸ್ಪಂಜು ಇದ್ದೂ ಇಲ್ಲದ ಹಾಗೆ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಪೌಚಿನ ಗೋಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿ. ಬೆರಳಿಗೆ ಬೆರಳು ತಾಗಿದ ಹಾಗೆ ಅನಿಸಿದರೆ ಬೇಡ. ಒತ್ತಿದಾಗ ಪ್ರತಿರೋಧ ಇರಬೇಕು, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಇದೇ ಪರೀಕ್ಷೆಯನ್ನು ತಳಕ್ಕೂ ಮುಚ್ಚಳಕ್ಕೂ ಮಾಡಿ. ಸುತ್ತ ದಪ್ಪ ಸ್ಪಂಜು ಕೊಟ್ಟು ತಳಕ್ಕೆ ಬರೀ ಬಟ್ಟೆ ಹೊಲಿದ ಪೌಚ್‌ಗಳು ಬೇಕಾದಷ್ಟು ಸಿಗುತ್ತವೆ. ಬೀಳುವಾಗ ಲೆನ್ಸ್ ನಮ್ಮನ್ನು ಕೇಳಿ ಪಕ್ಕಕ್ಕೆ ಬೀಳಲ್ಲ.

ಬಸ್ಸಿನ ಲೆಕ್ಕ, ಸ್ಕೂಟರಿನ ಲೆಕ್ಕ

ಸಂಜೆ ಆರರ ಹೊತ್ತಿಗೆ ಮೆಜೆಸ್ಟಿಕ್‌ನಿಂದ ಮಾಗಡಿ ರೋಡಿಗೆ ಬರುವ ಬಸ್ಸು ಹತ್ತಿದವರಿಗೆ ಗೊತ್ತು, ಅಲ್ಲಿ ಬೀಳೋಕೂ ಜಾಗ ಇರಲ್ಲ. ಅಲ್ಲಿನ ಅಪಾಯ ಅಮುಕುವುದು. ಯಾರದೋ ಮೊಣಕೈ, ಯಾರದೋ ಟಿಫನ್ ಕ್ಯಾರಿಯರ್, ಸೀಟಿನ ಕಂಬಿ ನಿಮ್ಮ ಬ್ಯಾಗಿಗೆ ಒತ್ತುತ್ತಲೇ ಇರುತ್ತವೆ. ಮೆತ್ತನೆ ನಿಯೋಪ್ರೀನ್ ಪೌಚ್, ಅಂದರೆ ಈಜುಗಾರರ ಸೂಟ್ ಹೊಲಿಯುವಂಥ ರಬ್ಬರ್ ಬಟ್ಟೆಯದು, ಗೀರಿನಿಂದ ಕಾಪಾಡುತ್ತೆ, ಈ ಒತ್ತಡ ತಡೆಯಲ್ಲ. ಬಸ್ಸಿನವರಿಗೆ ಅರೆಗಟ್ಟಿ ಚಿಪ್ಪಿನ ಕೇಸ್ ಬೇಕು. ಹೆಡ್‌ಫೋನ್ ಡಬ್ಬಿಗಳ ಥರ ಅಚ್ಚು ಹಾಕಿ ಮಾಡಿದ ಇವಿಎ ಕೇಸ್‌ಗಳು ಇದಕ್ಕೆ ಸರಿ. ಎರಡೂ ಅಂಗೈಯಿಂದ ಒತ್ತಿದಾಗ ಗೋಡೆ ಒಳಗಿನ ಲೆನ್ಸಿಗೆ ತಾಗಬಾರದು.

ಇನ್ನೊಂದು ಮಾತು: ಬಸ್ಸಿನಲ್ಲಿ ದೊಡ್ಡ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡೇ ಬ್ಯಾಗಲ್ಲಿ ಇಡಬೇಡಿ. ಲೆನ್ಸಿನ ತುದಿಗೆ ಬಿದ್ದ ಒತ್ತಡವೆಲ್ಲ ಸನ್ನೆಕೋಲಿನ ಹಾಗೆ ಮೌಂಟಿನ ಮೇಲೆ ಬೀಳುತ್ತೆ. ಬಿಚ್ಚಿ, ಎರಡೂ ಮುಚ್ಚಳ ಹಾಕಿ, ಬೇರೆ ಬೇರೆ ಇಡಿ.

ಸ್ಕೂಟರಿನಲ್ಲಿ ಅಪಾಯ ನಡುಕ. ಜೋರು ನಡುಕ ಕ್ಯಾಮೆರಾದ ಸ್ಟೆಬಿಲೈಸೇಷನ್ ಭಾಗಗಳಿಗೆ ಒಳ್ಳೆಯದಲ್ಲ ಅನ್ನೋದು ಬರೀ ಬಾಯಿಮಾತಲ್ಲ. 2021ರಲ್ಲಿ ಆ್ಯಪಲ್ ಕಂಪನಿಯೇ, ದೊಡ್ಡ ಬೈಕ್ ಎಂಜಿನ್ನಿನ ನಡುಕಕ್ಕೆ ಐಫೋನನ್ನು ದೀರ್ಘಕಾಲ ಒಡ್ಡಿದರೆ ಅದರ ಕ್ಯಾಮೆರಾ ಕೆಡಬಹುದು ಅಂತ ಎಚ್ಚರಿಸಿತ್ತು. ಲೆನ್ಸಿನೊಳಗೂ ಅಂಥದ್ದೇ ತೇಲುವ ಗಾಜು, ಸಣ್ಣ ಸ್ಕ್ರೂಗಳು ಇರುತ್ತವೆ. ಆದ್ದರಿಂದ ಸೀಟಿನ ಕೆಳಗಿನ ಡಿಕ್ಕಿ ಬೇಡ, ಕಾಲಿಡುವ ಜಾಗವೂ ಬೇಡ. ಬೆನ್ನ ಮೇಲಿನ ಬ್ಯಾಗೇ ವಾಸಿ. ಗುಂಡಿಗಳ ಏಟನ್ನು ನಮ್ಮ ಮೈ ಅರ್ಧ ನುಂಗಿಕೊಳ್ಳುತ್ತೆ. ಮಾಗಡಿ ರೋಡಿನ ಮೇಲೆ ಕಡಬಗೆರೆವರೆಗಿನ ಮೆಟ್ರೋ ಮಾರ್ಗಕ್ಕೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಓಡುವವರೆಗೆ ನಮ್ಮ ಬೆನ್ನೇ ಗತಿ.

ಅಳತೆ: ಪೆಟ್ಟಿಗೆ ಮೇಲಿನ ನಂಬರ್ ಓದೋದು ಹೇಗೆ

ಎಷ್ಟೋ ಪೌಚ್‌ಗಳ ಮೇಲೆ 9×13, 11×14 ಅಂತ ಬರೆದಿರುತ್ತೆ. ಮೊದಲನೆಯದು ಅಗಲ, ಎರಡನೆಯದು ಎತ್ತರ, ಸೆಂಟಿಮೀಟರಿನಲ್ಲಿ. ಇದು ಒಳಗಿನ ಅಳತೆಯೋ ಹೊರಗಿನದೋ ಅಂತ ಕೇಳಿಯೇ ತಗೊಳ್ಳಿ.

ಉದಾಹರಣೆಗೆ ಮದುವೆ ಕೆಲಸದವರ ಬಳಿ ಸಾಮಾನ್ಯವಾಗಿ ಕಾಣುವ ಕ್ಯಾನನ್ 24-70 ಎಫ್/2.8 ಎರಡನೇ ಆವೃತ್ತಿ. ಕಂಪನಿ ಕೊಡುವ ಅಳತೆ 88.5 ಮಿ.ಮೀ. ಅಗಲ, 113 ಮಿ.ಮೀ. ಉದ್ದ, ತೂಕ 805 ಗ್ರಾಂ. 9×13 ಸಾಕು ಅನಿಸುತ್ತೆ. ಆದರೆ ಆ ಉದ್ದದಲ್ಲಿ ಮುಚ್ಚಳಗಳು ಸೇರಿಲ್ಲ. ಹಿಂದೆ ಮುಂದೆ ಮುಚ್ಚಳ ಹಾಕಿದರೆ 13 ಸೆಂ.ಮೀ. ಅಂಚಿಗೆ ಬಂದು ಜಿಪ್ ಎಳೆಯೋಕೆ ಕಷ್ಟ. ಹುಡ್ ತಿರುಗಿಸಿ ಹಾಕಿದರೆ ಅಗಲವೂ ಹೆಚ್ಚಾಗುತ್ತೆ. ಇದಕ್ಕೆ ವಿರುದ್ಧವಾಗಿ 50 ಎಂಎಂ ಎಫ್/1.8 ಎಸ್‌ಟಿಎಂ ಬರೀ 39.3 ಮಿ.ಮೀ. ಉದ್ದ, 160 ಗ್ರಾಂ. ಅದನ್ನು ದೊಡ್ಡ ಪೌಚಲ್ಲಿ ಹಾಕಿದರೆ ಡಬ್ಬಿಯೊಳಗಿನ ಗೋಲಿ ಥರ ಲೊಟಲೊಟ ಅನ್ನುತ್ತೆ, ಪ್ರತಿ ಗುಂಡಿಗೂ ಗೋಡೆಗೆ ಹೊಡೆದುಕೊಳ್ಳುತ್ತೆ.

ನಿಯಮ ಸರಳ. ಮುಚ್ಚಳ, ಹುಡ್, ಫಿಲ್ಟರ್ ಎಲ್ಲ ಹಾಕಿ ಮನೆಯಲ್ಲೇ ಟೇಪಿನಿಂದ ಅಳೆಯಿರಿ. ಅದಕ್ಕೆ ಅಗಲದಲ್ಲಿ ಅರ್ಧ, ಎತ್ತರದಲ್ಲಿ ಒಂದು ಸೆಂಟಿಮೀಟರ್ ಸೇರಿಸಿ. ಸಾಧ್ಯವಾದರೆ ಲೆನ್ಸನ್ನೇ ಅಂಗಡಿಗೆ ಒಯ್ದು, ಹಾಕಿ, ಅಲ್ಲಾಡಿಸಿ ನೋಡಿ. ಸದ್ದು ಬರಬಾರದು, ತುರುಕಲೂ ಬಾರದು.

ಫ್ರೀಡಂ ಪಾರ್ಕಿಗೆ ಯಾವುದು?

2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನ ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕ್ ಒಳಗೆ ನಡೆಯಬೇಕು. ಹಳೇ ಸೆಂಟ್ರಲ್ ಜೈಲಿನ ಆ ಜಾಗದಲ್ಲಿ ಬಿಸಿಲು, ಮಳೆ, ನೂಕುನುಗ್ಗಲು ಮೂರೂ ಇರುತ್ತವೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಒಯ್ಯುವ ಆಸೆ ಆಗಬಹುದು. ಐಪಿ67 ಅಂತ ಬರೆದ ಪೆಟ್ಟಿಗೆ ದೂಳನ್ನು ಪೂರ್ತಿ ತಡೆಯುತ್ತೆ, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆದುಕೊಳ್ಳುತ್ತೆ. ಆದರೆ ಅದನ್ನು ಹೊತ್ತು ಜನರ ನಡುವೆ ಓಡಲಾಗಲ್ಲ, ನೆಲದಲ್ಲಿಟ್ಟರೆ ಇನ್ನೊಬ್ಬರ ಕಾಲಿಗೆ ಅಡ್ಡ, ಗೇಟಿನಲ್ಲಿ ಬಿಚ್ಚಿ ತೋರಿಸೋದರಲ್ಲೇ ಭಾಷಣ ಮುಗಿದಿರುತ್ತೆ. ಟೆಂಪೋದಲ್ಲಿ ಸಾಮಾನು ಸಾಗಿಸುವ ದೊಡ್ಡ ಶೂಟ್‌ಗೆ ಅದು ಸರಿ.

ಇಲ್ಲಿ ಬೇಕಿರೋದು ಸೊಂಟದ ಬೆಲ್ಟಿಗೆ ಸಿಕ್ಕಿಸುವ, ಒಂದೇ ಕೈಯಲ್ಲಿ ತೆರೆಯಬಹುದಾದ, ಅಗಲ ಬಾಯಿಯ ಪೌಚ್. ಸ್ನ್ಯಾಪ್ ಬಟನ್ ಒಂದನ್ನೇ ನಂಬಬೇಡಿ, ಜಿಪ್ ಇರಲಿ. ಬೆಲ್ಟಿನ ಕುಣಿಕೆಗೆ ಎರಡೆರಡು ಸಾಲು ಹೊಲಿಗೆ ಇದೆಯಾ ನೋಡಿ. ಇದನ್ನು ಹೇಳಿಕೊಟ್ಟದ್ದು ಅಮ್ಮ. 'ಸ್ಪಂಜು ಎಲ್ಲ ಚೆನ್ನಾಗಿದೆ, ಕುಣಿಕೆ ಹೊಲಿಗೆ ಒಂದೇ ಸಾಲು, ಎಳೆದರೆ ಕಿತ್ತು ಬರುತ್ತೆ' ಅಂತ ಒಂದೇ ನೋಟಕ್ಕೆ ಹೇಳಿದಳು. ಮಳೆಗೆ ಬೇರೆ ಕವರ್ ಇರಲಿ. 'ವಾಟರ್ ರೆಸಿಸ್ಟೆಂಟ್' ಅಂದರೆ ತುಂತುರು ತಡೆಯುತ್ತೆ ಅಂತಷ್ಟೇ ಅರ್ಥ, ಜಿಪ್ಪಿನ ಸಂದಿಯಿಂದ ನೀರು ಬಂದೇ ಬರುತ್ತೆ.

ಕೊನೆಯ ಶತ್ರು, ನನ್ನನ್ನು ಸೋಲಿಸಿದ್ದು

ಈಗ ಬೂಷ್ಟಿನ ವಿಷಯ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಅವು ಬೆಳೆಯೋಕೆ ಬೇಕಿರೋದು ತೇವ, ಕತ್ತಲೆ, ಅಲುಗಾಡದ ಗಾಳಿ, ತಿನ್ನೋಕೆ ಒಂದಿಷ್ಟು ದೂಳು ಅಥವಾ ಬೆರಳಿನ ಜಿಡ್ಡು. ಮುಚ್ಚಿದ ಪೌಚ್ ಇಷ್ಟನ್ನೂ ಒಟ್ಟಿಗೇ ಒದಗಿಸುತ್ತೆ. ಸೆಪ್ಟೆಂಬರಿನ ಒಂದು ಸಂಜೆ ಫ್ರೀಡಂ ಪಾರ್ಕಿಂದ ನೆನೆದುಕೊಂಡು ಬಂದವನು ಲೆನ್ಸನ್ನು ಒರೆಸಿ, ಒದ್ದೆ ಸ್ಪಂಜಿನ ಪೌಚಿಗೇ ಹಾಕಿ, ಜಿಪ್ ಎಳೆದು ಕಪಾಟಿನಲ್ಲಿಟ್ಟೆ. ಕೆಲಸ ಇರಲಿಲ್ಲ, ತಿಂಗಳುಗಟ್ಟಲೆ ತೆಗೆಯಲಿಲ್ಲ. ಬೂಷ್ಟು ಬೆಳೆಯುತ್ತಾ ಆಮ್ಲ ಬಿಡುತ್ತೆ, ಅದು ಗಾಜಿನ ಮೇಲಿನ ಲೇಪನವನ್ನು ತಿನ್ನುತ್ತೆ. ರಿಪೇರಿಯವರು ಬಿಚ್ಚಿ ತೊಳೆದುಕೊಟ್ಟರು. 'ಎಳೆ ಹೋಗಿದೆ, ಕಲೆ ಹೋಗಲ್ಲ. ದೀಪಕ್ಕೆ ಎದುರಾಗಿ ತೆಗೀಬೇಡಿ' ಅಂದರು. ಎರಡು ಮದುವೆಯ ದುಡ್ಡು ಅಲ್ಲಿಗೆ ಹೋಯಿತು.

ಹಾಗಾಗಿ ಕೇಸ್ ಆರಿಸುವಾಗ ಒಳಗಿನ ವಸ್ತು ನೋಡಿ. ಇವಿಎ, ನಿಯೋಪ್ರೀನ್‌ನಂಥ ಮುಚ್ಚಿದ ರಂಧ್ರದ ಫೋಮ್ ನೀರು ಕುಡಿಯಲ್ಲ. ಪಾತ್ರೆ ತೊಳೆಯುವ ಸ್ಪಂಜಿನಂಥದ್ದು ಕುಡಿದು ಇಟ್ಟುಕೊಳ್ಳುತ್ತೆ. ಚರ್ಮದ ಕೇಸ್ ನೋಡೋಕೆ ಚಂದ, ಆದರೆ ತೇವ ಹಿಡಿದಿಡುತ್ತೆ, ನಮ್ಮ ಮಳೆಗಾಲಕ್ಕೆ ಬೇಡ. ಹಳೆಯ ಪೌಚಿನ ಸ್ಪಂಜು ಅಂಟಂಟಾಗಿ ಪುಡಿ ಉದುರುತ್ತಿದ್ದರೆ ಎಸೆಯಿರಿ. ತೇವಕ್ಕೆ ಪಾಲಿಯುರೆಥೇನ್ ಫೋಮ್ ಹಾಗೇ ಕರಗುವುದು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕೇಸ್ ಇರೋದು ಒಯ್ಯೋಕೆ, ಇಡೋಕಲ್ಲ. ಮನೆಗೆ ಬಂದ ಕೂಡಲೇ ಲೆನ್ಸ್ ಹೊರಗೆ ತೆಗೆಯಿರಿ, ಪೌಚನ್ನು ಬಾಯಿ ತೆರೆದು ಫ್ಯಾನಿನ ಕೆಳಗೆ ಒಣಗಿಸಿ. ಲೆನ್ಸ್ ಇಡೋಕೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಸಾಕು. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ತೀರಾ ಒಣಗಿಸಿದರೆ ರಬ್ಬರ್, ಗ್ರೀಸ್ ಕೆಡುತ್ತವೆ. ಬಣ್ಣ ಬದಲಿಸುವ ಜೆಲ್ ತಗೊಳ್ಳುವುದಾದರೆ ಕಿತ್ತಳೆ ಬಣ್ಣದ್ದು ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತೆ. ಬಣ್ಣ ತಿರುಗಿದ ಜೆಲ್ಲನ್ನು ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಇನ್ನು ಎಸಿ ಛತ್ರದಿಂದ ಹೊರಗಿನ ಸೆಕೆಗೆ ಬರುವಾಗ ಮಾತ್ರ ಕೇಸ್ ಮುಚ್ಚಿಯೇ ಇರಲಿ. ಅರ್ಧ ಗಂಟೆ ಬಿಟ್ಟು ತೆಗೆದರೆ ತಣ್ಣನೆ ಗಾಜಿನ ಮೇಲೆ ನೀರು ಕೂರಲ್ಲ.

ಸುಂಕ ಕಟ್ಟೋದು ಯಾರು?

ಲೆನ್ಸ್ ಹೀಗಾಯ್ತು ಅಂತ ನನ್ನನ್ನು ಮದುವೆಗಳಿಗೆ ಕರೆಯುವ ಸ್ಟುಡಿಯೋದವರಿಗೆ ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯ್ತು. 'ಗೇರ್ ನಿಮ್ಮದು ತಾನೇ, ಈ ಭಾನುವಾರಕ್ಕೆ ಬೇರೆ ಲೆನ್ಸ್ ಬಾಡಿಗೆಗೆ ತಗೊಂಡು ಬನ್ನಿ' ಅಂದರು. ಬಾಡಿಗೆ ನನ್ನದೇ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿತು. ಒಳ್ಳೇ ಹೆಜ್ಜೆ. ಆದರೆ ಅದು ಹೊಣೆ ಹೊರಿಸೋದು ಆ್ಯಪ್, ಪ್ಲಾಟ್‌ಫಾರ್ಮ್ ಕಂಪನಿಗಳ ಮೇಲೆ. ವಾಟ್ಸ್‌ಆ್ಯಪ್‌ನಲ್ಲಿ 'ಭಾನುವಾರ ಫ್ರೀನಾ?' ಅಂತ ಕೇಳಿ ದಿನಗೂಲಿ ಕೊಡುವ ಸ್ಟುಡಿಯೋ ಅದರೊಳಗೆ ಬರಲ್ಲ. ಅಮ್ಮನ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ಮಾಲೀಕನದು, ಕೆಟ್ಟರೆ ಅವನೇ ರಿಪೇರಿ ಮಾಡಿಸುತ್ತಾನೆ. ನನ್ನ ಕೆಲಸದಲ್ಲಿ ಮೆಷಿನ್ ನನ್ನದು, ರಿಪೇರಿ ನನ್ನದು, ಅದನ್ನು ಹೊತ್ತು ತರುವ ಅಪಾಯವೂ ನನ್ನದು. ಇದಕ್ಕೆ ನಾವು 'ಫ್ರೀಲಾನ್ಸ್' ಅಂತ ಹೆಸರಿಟ್ಟುಕೊಂಡಿದ್ದೇವೆ.

ಈ ಸೀಸನ್ನಿಂದ ನಾವು ಮಾಗಡಿ ರೋಡಿನ ಆರು ಜನ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ದಿನದ ರೇಟು ಹೇಳುವಾಗ 'ಗೇರ್ ಖರ್ಚು' ಅಂತ ಒಂದು ಸಾಲು ಬೇರೆ ಬರೆಯುತ್ತೇವೆ, ಆರೂ ಜನ ಒಂದೇ ಮೊತ್ತ. ಇಬ್ಬರು ಸ್ಟುಡಿಯೋದವರು ಒಪ್ಪಿದ್ದಾರೆ, ಒಬ್ಬರು ಕರೆಯುವುದನ್ನೇ ನಿಲ್ಲಿಸಿದ್ದಾರೆ.

ನನ್ನ ಹೊಸ ಪೌಚಿನ ಬೆಲೆ 850 ರೂಪಾಯಿ, ಡಬ್ಬಿ, ಜೆಲ್, ತೇವಮಾಪಕ ಎಲ್ಲ ಸೇರಿ ಇನ್ನೊಂದು 700. ಕುಣಿಕೆಗೆ ಅಮ್ಮ ಎರಡನೇ ಸಾಲು ಹೊಲಿಗೆ ಹಾಕಿಕೊಟ್ಟಿದ್ದಾಳೆ.