ಸಿಸ್ಟರ್‌ಗೆ ಮೊದಲು ನೀರು ಕೊಡಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಭತ್ತದ ಕೆ.ಆರ್. ನಗರದಲ್ಲೂ ಅದರ ಪಾಲು ಇದ್ದೇ ಇದೆ. ಮಳೆಗಾಲದಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಬೆಂಕಿ ಬಿದ್ದರೆ ಸುತ್ತೆಲ್ಲ ಸೌದೆಯ ಹೊಗೆ. ಒದ್ದೆ ಸೊಪ್ಪು ಮುರಿದವರಿಗೆ ತಲೆಸುತ್ತು, ವಾಂತಿ. ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗಿಳಿಯುತ್ತದೆ. ಹೀಗೆ ದಣಿದು ಬಂದವರಿಗೆ ಆಸ್ಪತ್ರೆಯಲ್ಲಾದರೂ ಒಳ್ಳೆಯ ಗಾಳಿ, ಶುದ್ಧ ನೀರು ಸಿಗಬೇಡವೇ?

ಹೆರಿಗೆ ವಾರ್ಡಿನಲ್ಲಿ ಕಿಟಕಿಯದೇ ಜಗಳ. ಸಿಸ್ಟರ್ ತೆಗೆದು ಹೋಗುತ್ತಾರೆ, ಬಾಣಂತಿಯ ಅತ್ತೆ ಮುಚ್ಚುತ್ತಾರೆ. “ಶೀತ ಆಯ್ತದೆ ಕಣಮ್ಮ, ಹಾಕಿ.” ಬಾಣಂತಿಗೆ ಗಾಳಿ ಸೋಕಬಾರದೆಂಬ ನಂಬಿಕೆ ಗಟ್ಟಿ. ಆದರೆ ಹತ್ತು ಮಂಚ, ಮಂಚಕ್ಕಿಬ್ಬರು ನೆಂಟರು ಸೇರಿದ ಕೋಣೆಯಲ್ಲಿ ಒಬ್ಬರ ಕೆಮ್ಮು ಎಲ್ಲರದೂ ಆಗುತ್ತದೆ. ಕಸಪೊರಕೆಯ ಕಥೆಯೂ ಅಷ್ಟೆ. ಒಣ ನೆಲ ಗುಡಿಸಿದರೆ ಎದ್ದ ದೂಳು ಬಿಚ್ಚಿದ ಗಾಯದ ಮೇಲೆ ಕೂರುತ್ತದೆ. ಆದ್ದರಿಂದಲೇ ವಾರ್ಡನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದೂ ಡ್ರೆಸ್ಸಿಂಗ್ ಶುರುವಾಗುವ ಮೊದಲೇ. ಒಬ್ಬ ರೋಗಿಯನ್ನು ಮುಟ್ಟಿದ ಕೈ ತೊಳೆಯದೆ ಮತ್ತೊಬ್ಬರನ್ನು ಮುಟ್ಟುವಂತಿಲ್ಲ. ನಲ್ಲಿ ವಾರ್ಡಿನ ಆಚೆ ತುದಿಯಲ್ಲಿದ್ದು, ಪಾಳಿಯಲ್ಲಿ ಸಿಸ್ಟರ್ ಒಬ್ಬರೇ ಇದ್ದರೆ ಈ ನಿಯಮ ಗೋಡೆಯ ಚಾರ್ಟಿನಲ್ಲೇ ಉಳಿಯುತ್ತದೆ.

ಮೇ 12ರ ದಾದಿಯರ ದಿನ ದೀಪ ಹಿಡಿದು ಪ್ರತಿಜ್ಞೆ ಮಾಡಿಸುತ್ತೇವೆ. ಫ್ಲಾರೆನ್ಸ್ ನೈಟಿಂಗೇಲ್ ಕಥೆಯ ಇನ್ನರ್ಧವನ್ನು ಮಾತ್ರ ಹೇಳುವುದಿಲ್ಲ. 1854ರ ನವೆಂಬರ್‌ನಲ್ಲಿ ಆಕೆ 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರುವರಿಯಲ್ಲಿ ನೂರಕ್ಕೆ ಸುಮಾರು 42. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿ ಶುಚಿ ಮಾಡಿಸಿ, ಗಾಳಿಗೆ ದಾರಿ ಬಿಡಿಸಿದರು. ಜೂನ್ ಹೊತ್ತಿಗೆ ಅದು 2ರ ಆಸುಪಾಸಿಗೆ ಇಳಿಯಿತು. ದೀಪ ಒಂದೇ ಸಾಲದು, ಚರಂಡಿಯೂ ಸರಿಯಿರಬೇಕು. ಆಮೇಲೆ ನೈಟಿಂಗೇಲ್ ಜೀವನವಿಡೀ ವಾದಿಸಿದ್ದೂ ಇದನ್ನೇ.

ಕೋಟೆ ಸೀಮೆಯಲ್ಲಿ ಇದನ್ನು ಅರಿತು ದುಡಿದವರಿದ್ದಾರೆ. ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆ ತೆರೆದದ್ದಲ್ಲದೆ ನೀರು, ಶೌಚಾಲಯದ ಕೆಲಸಕ್ಕೂ ಕೈ ಹಾಕಿತು. ಮನೆಯ ನೀರು ಕೆಟ್ಟದ್ದಾದರೆ ಗುಣವಾಗಿ ಹೋದ ಮಗು ಮತ್ತೆ ಅದೇ ಮಂಚಕ್ಕೆ ಬರುತ್ತದೆ.

ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆಂದು 2015ರಿಂದ ಕೇಂದ್ರದ ಕಾಯಕಲ್ಪ ಪ್ರಶಸ್ತಿಯಿದೆ. ಒಳ್ಳೆಯದೇ. ಆದರೆ ತಪಾಸಣೆ ತಂಡ ಬರುವ ದಿನದ ಫಿನಾಯಿಲ್ ವಾಸನೆ ಉಳಿದ ದಿನಗಳಲ್ಲೂ ಇರಬೇಕಾದರೆ, ರಾತ್ರಿ ಪಾಳಿಗೂ ಸ್ವಚ್ಛತಾ ಸಿಬ್ಬಂದಿ ಬೇಕು, ಅವರ ಸಂಬಳ ತಿಂಗಳು ತಿಂಗಳು ಕೈಸೇರಬೇಕು.

ರೋಗಿಯನ್ನು ನೋಡಲು ಹೋಗುವವರು ಒಬ್ಬಿಬ್ಬರೇ ಹೋಗಿ, ಮಂಚದ ಮೇಲೆ ಕೂರಬೇಡಿ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ನಲ್ಲಿಯಲ್ಲಿ ನೀರು ಬರದಿದ್ದರೆ ಸಿಸ್ಟರ್ ಮೇಲೆ ರೇಗಬೇಡಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಡಿ.